ಗುಂಡಿಯಲ್ಲಿ ಕೂತವನು

ಗುಂಡು ಹಾರಿಸುವವರು ಆ ತುದಿಗೆ,
ಒಂದೂವರೆ ಕಿಲೋಮೀಟರ್ ಆಚೆ, ಬೆಚ್ಚನೆ ಡೇರೆಯಲ್ಲಿ.
ನಾನು ಈ ತುದಿಗೆ, ಗುಂಡಿಯಲ್ಲಿ.
ಇಪ್ಪತ್ತಾರು ಚಳಿಗಾಲದಿಂದ ಇದೇ ಕೆಲಸ:
ಗುರಿಹಲಗೆ ಇಳಿಸು, ತೂತು ಅಳೆ,
ಕಾಗದದ ಬಿಲ್ಲೆ ಅಂಟಿಸು, ಮತ್ತೆ ಏರಿಸು.
ಅಂಟಿನ ಡಬ್ಬಿ ಕಂಕುಳಲ್ಲಿ;
ಹೊರಗಿಟ್ಟರೆ ಫಿನ್‌ಮಾರ್ಕಿನ ಮಾರ್ಚ್ ತಿಂಗಳು
ಅದನ್ನು ಕಲ್ಲು ಮಾಡುತ್ತದೆ.

ಈ ಸಲ ಆಯ್ಕೆಗೆ ಮೂರು ತೋಟಾ.
ಬೆಳಿಗ್ಗೆ ಮೇಜಿನ ಮೇಲೆ ನಿಲ್ಲಿಸಿದ್ದರು,
ಶಾಲೆಯ ಫೋಟೋಕ್ಕೆ ಹಿತ್ತಾಳೆ ಅಂಗಿ ತೊಟ್ಟು ನಿಂತ
ಅಣ್ಣತಮ್ಮಂದಿರ ಹಾಗೆ.
ಕರ್ನಲ್ ಶೆಲ್‌ಬ್ರೆ ದೊಡ್ಡದನ್ನು ಅಂಗೈಯಲ್ಲಿ ತೂಗಿದ,
ಕೆಳಗಿಡಲು ಮನಸ್ಸಿಲ್ಲದೆ.
ಲೆಕ್ಕದ ಸಿಗ್ರುನ್ ಹೇಳಿದಳು:
ದೊಡ್ಡದು ದೂರ ಹೋಗುತ್ತದೆ, ಗಾಳಿಗೆ ಅಷ್ಟಾಗಿ ಬಾಗದು,
ಆದರೆ ಸಾವಿರದ ಇನ್ನೂರು ಏಟಿಗೆ ನಳಿಕೆಯನ್ನು ತಿಂದುಹಾಕುತ್ತದೆ,
ಹುಡುಗರ ಭುಜವನ್ನು ಅದಕ್ಕೂ ಮೊದಲೇ.
ಸಣ್ಣದು ಹಗುರ, ನೂರು ಹೊತ್ತರೂ ಬೆನ್ನು ಗೊಣಗದು,
ಆದರೆ ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗೆ
ಅದರ ಮದ್ದಿಗೆ ನಿದ್ದೆ.
ಸರಬರಾಜಿನ ಮುದುಕ ಹಾಲ್‌ಸ್ಟೈನ್ ಕೇಳಿದ್ದು ಒಂದೇ:
"ಉಗ್ರಾಣದಲ್ಲಿ ಈಗಾಗಲೇ ಬಿದ್ದಿರುವ ಎಂಬತ್ತು ಲಕ್ಷ
ಹಳೆಯದನ್ನು ಏನು ಮಾಡೋಣ?"
ಯಾರೂ ಉತ್ತರಿಸಲಿಲ್ಲ. ಕಾಫಿ ಬಂತು.

ನನ್ನನ್ನು ಯಾರೂ ಏನೂ ಕೇಳಲಿಲ್ಲ.
ಆದರೆ ಕೇಳುವವನು ನಾನೇ.
ಗುಂಡು ತನ್ನ ಸದ್ದಿಗಿಂತ ಮುಂಚೆ ಬರುತ್ತದೆ.
ಮೊದಲು ನೆತ್ತಿಯ ಮೇಲೆ ಚಾಟಿ,
ಕಾಗದ ಬೆಚ್ಚುತ್ತದೆ,
ಒಂದು, ಎರಡು ಎಣಿಸಿದ ಮೇಲೆ
ದೂರದಲ್ಲಿ ಯಾರೋ ಬಾಗಿಲು ಹಾಕಿದಂತೆ ಧುಬ್.
ದೊಡ್ಡದು ಚಾಟಿಯಾಗಿಯೇ ಬಂತು.
ನಡುವಿನದೂ, ಕೊಂಚ ಗೊಗ್ಗರಾಗಿ.
ಸಣ್ಣದು ದಾರಿಯಲ್ಲೇ ಸದ್ದಿನ ನಡಿಗೆಗೆ ಇಳಿದು, ತತ್ತರಿಸಿ,
ಗುಂಯ್‌ಗುಟ್ಟುತ್ತ ಬಂದು ಅಡ್ಡಡ್ಡ ಬಿತ್ತು;
ಕಾಗದದಲ್ಲಿ ತೂತು ದುಂಡಗಿರಲಿಲ್ಲ,
ಬೀಗದ ಕಂಡಿಯ ಹಾಗಿತ್ತು.

ಹನ್ನೊಂದಕ್ಕೆ ರೇಡಿಯೋ: ನಿಲ್ಲಿಸಿ.
ಹಿಮಸಾರಂಗಗಳು ಬಯಲು ದಾಟುತ್ತಿವೆ.
ನಾನೂರು ಇರಬಹುದು, ಹೆಜ್ಜೆಹೆಜ್ಜೆಗೂ ಕಾಲಿನ ನರ ಟಿಕ್‌ಟಿಕ್.
ಹಿಂದೆ ಹಿಮದ ಸ್ಕೂಟರ್ ಮೇಲೆ ಬಿರೆಟ್.
ಬಂದು ಗುಂಡಿಯಲ್ಲಿ ಕೂತಳು,
ನನ್ನ ಕಾಫಿಗೂ ಒಂದು ಚೂರು ಚೀಸ್ ಹಾಕಿದಳು.
"ಎಷ್ಟು ದೂರದಿಂದ ಹೊಡೆಯುತ್ತಾರೆ?"
ಹೇಳಿದೆ.
ಡೇರೆಯ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು.
"ಅಷ್ಟು ದೂರಕ್ಕೆ ಕೊಂಬು ನೋಡಿ
ಗಂಡೋ ಹೆಣ್ಣೋ ಹೇಳಬಹುದು.
ಕಿವಿಯ ಗುರುತು ಕಾಣದು.
ಕಿವಿ ನೋಡದೆ ನಾವು ಚಾಕು ತೆಗೆಯುವುದಿಲ್ಲ.
ಯಾರದೆಂದು ತಿಳಿಯಬೇಕಲ್ಲ."
ಚೀಸನ್ನು ಕೊನೆಗೆ ತಿನ್ನಬೇಕು ಎಂದು ಹೇಳಿಕೊಟ್ಟು
ಎದ್ದು ಹೋದಳು.

ಮೂರು ಗಂಟೆಗೆ ನಡುವಿನದು ಗೆದ್ದಿತು.
ನಳಿಕೆ ಬಾಳುತ್ತದೆ; ನೆರೆಯ ದೇಶದವರೂ ಅದನ್ನೇ ಕೊಳ್ಳುತ್ತಾರಂತೆ;
ಎಂಬತ್ತು ಲಕ್ಷ ಹಳೆಯದು ಹುಡುಗರ ತರಬೇತಿಗೆ.
ನಡಾವಳಿಯಲ್ಲಿ ಒಂದು ಸಾಲು:
"ಗುರಿ ಮುಟ್ಟಿದ ಮೇಲೆ ಉಳಿಯುವುದು ತೃಪ್ತಿಕರ."
ಉಳಿಯುವುದು ಎಂದರೆ ಶಕ್ತಿ,
ಗುಂಡಿನದು.

ನನ್ನ ವರದಿಯಲ್ಲೂ ಕೊನೆಗೊಂದು ಕಾಲಂ ಇದೆ, ಷರಾ.
ಇಷ್ಟು ವರ್ಷ ಖಾಲಿ ಬಿಟ್ಟಿದ್ದೆ.
ಪೆನ್ನನ್ನೂ ಕಂಕುಳಿಂದ ತೆಗೆದು ಬರೆದೆ:
ಇಷ್ಟು ದೂರಕ್ಕೆ ಕಿವಿ ತಿಳಿಯದು.

ಸಿಗ್ರುನ್ ಓದಿದಳು. ಒಳ್ಳೆಯವಳು.
ಗುರುವಾರಕ್ಕೆ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟಳು.

ಅಲ್ಲೊಂದು ಗಾಜಿನ ಗೂಡು, ಕಿವಿಗೆ ಹೆಡ್‌ಫೋನ್,
ಕೈಯಲ್ಲೊಂದು ಗುಂಡಿ:
ಸದ್ದು ಕೇಳಿದಾಗಲೆಲ್ಲ ಒತ್ತಬೇಕು.
ಆ ಹುಡುಗಿ ಎರಡು ಸಲ ಯಂತ್ರ ನಿಲ್ಲಿಸಿ ಹೇಳಿದಳು,
"ಅವಸರ ಬೇಡ, ಓಡ್ವಾರ್.
ನಾನಿನ್ನೂ ಸದ್ದು ಕಳಿಸಿಯೇ ಇಲ್ಲ."